ಎಡಕ್ಕೆ ಕುಸಿಯುತ್ತಿದ್ದ ಕಾರು

ಅಣ್ಣಿಗೇರಿಯಲ್ಲಿ ಹುಬ್ಬಳ್ಳಿ-ಗದಗ ರಸ್ತೆಯ ಬದಿಗೆ ನಮ್ಮದೊಂದು ಗ್ಯಾರೇಜು ಇದೆ. ಎಂಜಿನ್ನು, ಬ್ರೇಕು, ಚಕ್ರ ನಮ್ಮ ಮನೆಯವರ ಪಾಲು. ವೈರು, ಬ್ಯಾಟರಿ, ಸೆನ್ಸರು, ಸ್ಟೇರಿಂಗಿನ ಎದುರು ಹತ್ತಿಕೊಳ್ಳುವ ಬಣ್ಣಬಣ್ಣದ ದೀಪಗಳು ನನ್ನ ಪಾಲು. ಮದುವೆಗೆ ಮೊದಲು ನಾನು ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತು, ತವರಿನಲ್ಲಿ ಅಪ್ಪನ ಜೊತೆ ಪಂಪ್‌ಸೆಟ್ಟಿನ ಸ್ಟಾರ್ಟರ್ ರಿಪೇರಿ ಮಾಡುತ್ತಿದ್ದೆ. ಇಲ್ಲಿಗೆ ಬಂದ ಹೊಸತರಲ್ಲಿ ಗಿರಾಕಿಗಳು ನನ್ನ ಕೈಯಲ್ಲಿದ್ದ ಮೀಟರ್ ನೋಡಿ, ನನ್ನ ಬೆನ್ನ ಹಿಂದೆ ಯಾರಾದರೂ ಗಂಡಸರಿದ್ದಾರೆಯೇ ಎಂದು ಇಣುಕುತ್ತಿದ್ದರು. ಈಗ ಹಾಗಿಲ್ಲ. "ಅಕ್ಕಾರು ಅದಾರೇನ್ರಿ?" ಎಂದು ಕೇಳಿಕೊಂಡೇ ಬರುತ್ತಾರೆ.

ನಮ್ಮ ಓಣಿಯ ಕೊನೆಗೆ ಕಾಳು ವ್ಯಾಪಾರ ಮಾಡುವ ಹಿರಿಯರೊಬ್ಬರಿದ್ದಾರೆ. ನೆಂಟಸ್ತನ ಏನೂ ಇಲ್ಲದಿದ್ದರೂ ಓಣಿಯವರೆಲ್ಲ ಅವರಿಗೆ ಕಾಕಾ, ಅವರ ಹೆಂಡತಿಗೆ ಕಾಕು ಎನ್ನುವುದು ರೂಢಿ. ಕಾಕು ಒಮ್ಮೆ ಹಿತ್ತಲ ಮೆಟ್ಟಿಲಿನಿಂದ ಜಾರಿ ಬಿದ್ದು ಬೆನ್ನು ನೋಯಿಸಿಕೊಂಡಿದ್ದರು. ಅಲ್ಲಿಂದ ಮುಂದೆ ಬಸ್ಸಿನಲ್ಲಾಗಲಿ ಕಾಕಾನ ಹಳೆಯ ಜೀಪಿನಲ್ಲಾಗಲಿ ಪ್ರಯಾಣ ಮಾಡಿದರೆ ಮರುದಿನ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಅದಕ್ಕೇ ಕಾಕಾ ಹುಬ್ಬಳ್ಳಿಯಲ್ಲಿ ಯಾರೋ ಬಳಸಿ ಬಿಟ್ಟಿದ್ದ ದೊಡ್ಡ ಕಾರೊಂದನ್ನು ಕೊಂಡು ತಂದರು. ತಂದ ದಿನ ಬಾನೆಟ್ಟಿಗೆ ವಿಭೂತಿ ಬಳಿದು, ಕಾಕುವನ್ನು ಹಿಂದೆ ಎಡಗಡೆ ಕೂಡಿಸಿಕೊಂಡು ನಲವಡಿಯವರೆಗೆ ಹೋಗಿ ಬಂದರು. ಇಳಿದ ಕಾಕು ಸೊಂಟದ ಮೇಲೆ ಕೈ ಇಟ್ಟುಕೊಳ್ಳದೆ ನೆಟ್ಟಗೆ ನಡೆದು ಒಳಗೆ ಹೋದದ್ದನ್ನು ಓಣಿಯೇ ನೋಡಿತು.

ಆ ಕಾರಿನ ಹಿಂದಿನ ಚಕ್ರಗಳ ಮೇಲೆ ಕಬ್ಬಿಣದ ಸ್ಪ್ರಿಂಗ್ ಇಲ್ಲ. ಅದರ ಬದಲು ದಪ್ಪ ರಬ್ಬರಿನ ಗಾಳಿಚೀಲಗಳಿವೆ. ಸಣ್ಣ ಕಂಪ್ರೆಸರ್ ಒಂದು ಅವಕ್ಕೆ ಗಾಳಿ ತುಂಬುತ್ತದೆ. ಕಾರು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಎರಡೂ ಬದಿಯ ಸೆನ್ಸರುಗಳು ಅಳೆದು ಒಳಗಿನ ಕಂಪ್ಯೂಟರಿಗೆ ತಿಳಿಸುತ್ತಿರುತ್ತವೆ. ಭಾರ ಹೆಚ್ಚಾದರೆ ಗಾಳಿ ತುಂಬು, ಭಾರ ಇಳಿದರೆ ಗಾಳಿ ಬಿಡು ಎಂದು ಅದು ತಾನೇ ಹೇಳುತ್ತದೆ. ಕೇಳಲು ಬಹಳ ಚೆಂದ. ಕೆಟ್ಟಾಗ ಮಾತ್ರ ಚೀಲವೋ, ಪೈಪೋ, ಕಂಪ್ರೆಸರೋ, ಸೆನ್ಸರೋ, ವೈರೋ ಎಂದು ಹುಡುಕುತ್ತ ಕೂರಬೇಕು.

ಕೆಲವು ವಾರ ಕಾರು ಚೆನ್ನಾಗಿಯೇ ಓಡಿತು. ಆಮೇಲೆ ಒಂದು ಬೆಳಿಗ್ಗೆ ಕಾಕಾ ಬಾಗಿಲು ತೆರೆದಾಗ ಕಾರು ಎಡಗಡೆ ಹಿಂಭಾಗವನ್ನು ನೆಲಕ್ಕೆ ಊರಿಕೊಂಡು ನಿಂತಿತ್ತು. ಸ್ಟಾರ್ಟ್ ಮಾಡಿದರೆ ಕಂಪ್ರೆಸರ್ ಗೊರಗೊರ ಎಂದು ಬಹಳ ಹೊತ್ತು ಒದ್ದಾಡಿ, ಕಾರು ನಿಧಾನವಾಗಿ ಎದ್ದು ನಿಂತು, ಹಳದಿ ದೀಪವೊಂದು ಹತ್ತಿಕೊಂಡಿತು. ಕಾಕಾ ಅದೇ ಹೊತ್ತಿಗೆ ನಮ್ಮಲ್ಲಿಗೆ ತಂದರು.

"ತಂಗೀ, ಇದು ರಾತ್ರಿ ಕುಂದ್ರತೈತಿ, ಮುಂಜಾನಿ ಏಳತೈತಿ," ಎಂದರು. "ಎಮ್ಮಿ ಹಂಗ."

ನಾನು ಸ್ಕ್ಯಾನರ್ ಹಚ್ಚಿದೆ. ಹಿಂದಿನ ಎಡ ಎತ್ತರದ ಸೆನ್ಸರಿನ ಲೆಕ್ಕ ನಂಬುವಂತಿಲ್ಲ ಎಂದು ಅದು ತೋರಿಸಿತು. ಕೆಳಗೆ ಇಳಿದು ನೋಡಿದರೆ ಸೆನ್ಸರಿನ ಕಡ್ಡಿಯ ಕೀಲಿನಲ್ಲಿ ಕಪ್ಪು ಎರಿಮಣ್ಣು ಮೆತ್ತಿ, ಒಣಗಿ, ಸಿಮೆಂಟಿನಂತೆ ಗಟ್ಟಿಯಾಗಿತ್ತು. ಮಳೆಗಾಲದಲ್ಲಿ ನಮ್ಮ ಕಡೆಯ ಹೊಲದ ದಾರಿಗೆ ಇಳಿದ ಯಾವ ಗಾಡಿಗೂ ಇದು ತಪ್ಪದು. ಮಣ್ಣು ಕೆರೆದು, ಕೀಲು ತೊಳೆದು, ಸಡಿಲವಾಗಿದ್ದ ಕಡ್ಡಿ ಬದಲಿಸಿ, ಪ್ಲಗ್ಗು ಒರೆಸಿ ಮತ್ತೆ ನೋಡಿದೆ. ಲೆಕ್ಕ ಸರಿಹೋಯಿತು, ದೀಪ ಆರಿತು. ನಾನು ಕೈ ತೊಳೆದುಕೊಂಡು ಚಹಾ ಕುಡಿದೆ. ಮರುದಿನವೂ ಅದರ ಮರುದಿನವೂ ಕಾಕಾ ದಾರಿಯಲ್ಲಿ ಕೈ ಎತ್ತಿ ಹೋದರು.

ವಾರ ಕಳೆಯುವುದರೊಳಗೆ ಕಾರು ಮತ್ತೆ ಕೂತಿತು.

ಈ ಸಲ ಗಾಳಿ ಸೋರಿಕೆ ಹುಡುಕಲು ಹೊರಟೆ. ನಮ್ಮ ಮನೆಯವರು ಕಾರನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡು ಕೊಟ್ಟರು. ನಾನು ಬಕೆಟ್ಟಿನಲ್ಲಿ ಸಾಬೂನು ನೊರೆ ಮಾಡಿಕೊಂಡು, ಸುಣ್ಣ ಹಚ್ಚುವ ಬ್ರಶ್ಶಿನಿಂದ ಚೀಲಕ್ಕೆ, ಪೈಪಿಗೆ, ಪ್ರತಿ ಜೋಡಣೆಗೂ ಬಳಿದೆ. ಚೀಲದ ಮೇಲೆ ಒಂದು ಗುಳ್ಳೆಯೂ ಏಳಲಿಲ್ಲ. ಗಾಳಿಯ ಪೈಪು ವಾಲ್ವಿಗೆ ಸೇರುವಲ್ಲಿ ಮಾತ್ರ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೊಂದು ಹುಟ್ಟುತ್ತಿದ್ದವು. ಪೈಪಿನ ತುದಿಯನ್ನು ನೇರವಾಗಿ ಕತ್ತರಿಸಿ ಮತ್ತೆ ಜೋಡಿಸಿದೆವು. ಗುಳ್ಳೆ ನಿಂತವು. "ಇನ್ನ ಚಿಂತಿ ಬ್ಯಾಡ್ರಿ ಕಾಕಾ," ಎಂದು ನಾನೇ ಹೇಳಿ ಕಳಿಸಿದೆ.

ಮತ್ತೆ ಕೆಲವು ದಿನ ಚೆನ್ನಾಗಿದ್ದು, ಮತ್ತೆ ಕೂತಿತು. ಆ ಹೊತ್ತಿಗೆ ಓಣಿಯವರಿಗೂ ಅದೊಂದು ತಮಾಷೆಯಾಗಿತ್ತು. ಹಾಲು ಹಾಕುವವರು ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದಾಗ ಹಾಲಿಗಿಂತ ಮೊದಲು ಸುದ್ದಿ ಕೊಡುತ್ತಿದ್ದರು: "ಇವತ್ತ ನಿಂತೈತ್ರೀ." ಇಲ್ಲವೆ, "ಇವತ್ತ ಕುಂತೈತ್ರೀ." ಕಾಕಾ ಕೂಡ ನಗುತ್ತಿದ್ದರು. ಆದರೆ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸುವಾಗ ಅವರ ಮುಖದಲ್ಲಿ ದಣಿವು ಕಾಣತೊಡಗಿತ್ತು.

ನಮ್ಮ ಮನೆಯವರದು ಮೊದಲಿನಿಂದಲೂ ಒಂದೇ ಮಾತು. ಚೀಲ, ಕಂಪ್ರೆಸರ್, ಸೆನ್ಸರು ಎಲ್ಲ ಕಿತ್ತು ಹಾಕಿ ಸಾದಾ ಸ್ಪ್ರಿಂಗ್ ಹಾಕೂಣು ಎಂದು. ಅದನ್ನು ಮಾಡುವವರು ಬಹಳ ಜನ ಇದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮಿಬ್ಬರ ನಡುವೆ ಅದೇ ಜಗಳವಾಯಿತು.

"ಎಷ್ಟ ಸಲ ಬಿಚ್ಚತಿ ಅದನ್ನ?" ಎಂದರು ಅವರು. "ಸ್ಪ್ರಿಂಗ್ ಹಾಕಿದ್ರ ಮುಗೀತು. ಕಬ್ಬಿಣ ಸೋರಂಗಿಲ್ಲ."

"ಹಂಗಾರ ಮೊದಲಿನ ಜೀಪ್ ಏನ್ ಪಾಪ ಮಾಡಿತ್ರಿ? ಕಾಕು ಬೆನ್ನಿನ ಸಲುವಾಗಿ ತಂದ ಗಾಡಿ ಅದು."

"ಕಾಕಾ ಒಪ್ಯಾರ. ನಾಳಿ ಗಾಡಿ ತರತೇನಿ ಅಂದಾರ."

ನಾನು ಇನ್ನೊಂದು ರೊಟ್ಟಿ ಮುರಿದೆ. ಎಲ್ಲಿ ತಪ್ಪಿದೆ ಎಂದು ಗೊತ್ತಾಗದೆ ನನಗೂ ಸಿಟ್ಟು ಬರುತ್ತಿತ್ತು.

ಅಂದೇ ಸಂಜೆ ಕಾಕು ಒಬ್ಬರೇ ನಡೆದುಕೊಂಡು ನಮ್ಮ ಗ್ಯಾರೇಜಿಗೆ ಬಂದರು. ಅವರು ಹಾಗೆ ಬಂದದ್ದು ಅದೇ ಮೊದಲು. ಟೈರುಗಳ ಪಕ್ಕದ ಸ್ಟೂಲಿನ ಮೇಲೆ ನಿಧಾನವಾಗಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು:

"ತಂಗೀ, ನಿಮ್ಮ ಕಾಕಾ ಸ್ಪ್ರಿಂಗ್ ಹಾಕಸ್ತಾರಂತ. ನಾ ಬ್ಯಾಡ ಅಂದೇನಿ. ಆ ಗಾಡ್ಯಾಗ ಕುಂತ್ರ ನನಗ ಬೆನ್ನೈತಿ ಅನ್ನೂದ ಮರತ ಹೋಗತೈತಿ."

ಆಮೇಲೆ ತಂಬೂರಿನ ವಿಷಯ ಬಂತು. ಕಲಘಟಗಿ ತಾಲ್ಲೂಕಿನ ತಂಬೂರಿನಲ್ಲಿ ಅವರ ಅಕ್ಕ ಇದ್ದಾರೆ. ಅಕ್ಕನಿಗೆ ಮೊಣಕಾಲು ನೋವು, ತಂಗಿಗೆ ಬೆನ್ನು ನೋವು. ಅವರು ಇಲ್ಲಿಗೆ ಬರಲಾರರು, ಇವರು ಅಲ್ಲಿಗೆ ಹೋಗಲಾರರು. ಫೋನಿನಲ್ಲಿ ದಿನವೂ ಮಾತಾಡುತ್ತಾರೆ, ಮುಖ ನೋಡಿ ವರ್ಷಗಳೇ ಆಗಿವೆ. ಈಗ ಅಕ್ಕನ ಮನೆಯಲ್ಲಿ ಮೊಮ್ಮಗಳ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯ ಇತ್ತು.

"ಮೊದಲ ಹೇಳಬಾರ್ದೇನ್ರಿ ಕಾಕು?" ಎಂದೆ.

"ರಿಪೇರಿ ಮಾಡವರಿಗೆ ಗಡಬಡಿ ಮಾಡಬಾರದು ಅಂತ ಸುಮ್ಮನಿದ್ದೆ," ಎಂದರು. ಹಾಗೆಯೇ ಮಾತು ಮುಂದುವರಿಸುತ್ತ, "ನಾ ಒಬ್ಬಾಕಿ ಕುಂತ್ರ ಏನೂ ಆಗಂಗಿಲ್ಲ ಅದಕ್ಕ. ನಮ್ಮ ನೆಗೆಣ್ಣಿ, ಬಾಜೂ ಮನಿಯಾಕಿ ಎಲ್ಲಾರೂ ಕೂಡಿ ಹೋದ್ರ ಮರುದಿನ ಮುಂಜಾನಿ ಕುಂತಿರತೈತಿ. ಭಾರ ಆಗತೇವೇನೋ ನಾವು," ಎಂದು ನಕ್ಕರು.

ನಾನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ. ಮತ್ತೊಮ್ಮೆ ಹೇಳಿಸಿದೆ. ಯಾವ ದಿನ ಯಾರು ಕೂತಿದ್ದರು ಎಂದು ಕಾಕು ನೆನಪು ಮಾಡಿಕೊಂಡು ಹೇಳಿದರು. ಕಾಕಾ ಒಬ್ಬರೇ ಓಡಾಡಿದ ದಿನಗಳಲ್ಲಿ ಕಾರು ನೆಟ್ಟಗೆ ನಿಂತಿತ್ತು. ಹಿಂದಿನ ಸೀಟು ತುಂಬಿದ ದಿನವೋ, ಡಿಕ್ಕಿಯಲ್ಲಿ ಕಡಲೆ ಚೀಲ ಹೇರಿದ ದಿನವೋ ಆದರೆ ಮರುದಿನ ಕುಸಿದಿತ್ತು. ನಮ್ಮ ರಿಪೇರಿ ಆದ ಮೇಲೆ ಪ್ರತಿ ಸಲವೂ ಕಾಕಾ ಒಬ್ಬರೇ ಓಡಿಸಿ ನೋಡಿದ್ದರು. ಅದಕ್ಕೇ ಸರಿಹೋಯಿತೆಂದು ನಮಗೆ ಅನ್ನಿಸಿತ್ತು. ಇನ್ನೊಂದು ಸಂಗತಿಯೂ ಆಗಲೇ ಹೊಳೆಯಿತು. ನಾವು ಸೋರಿಕೆ ಹುಡುಕಿದ್ದು ಕಾರನ್ನು ಜಾಕಿನ ಮೇಲೆ ಎತ್ತಿ. ಆಗ ಚಕ್ರ ಕೆಳಗೆ ಜೋತುಬಿದ್ದು ಚೀಲ ಉದ್ದಕ್ಕೆ ಹಿಗ್ಗಿರುತ್ತದೆ, ಮಡಿಕೆಗಳು ಬಿಚ್ಚಿರುತ್ತವೆ. ಭಾರ ಬಿದ್ದಾಗ ಅದು ಹೇಗೆ ಮಡಚಿಕೊಳ್ಳುತ್ತದೆ ಎಂದು ನಾವು ನೋಡಿಯೇ ಇರಲಿಲ್ಲ.

ನಮ್ಮ ಮನೆಯವರನ್ನು ಕರೆದು ಹೇಳಿದೆ. ಅವರು ತಲೆ ಕೆರೆದುಕೊಂಡು, "ಹಂಗಾರ ಗುಂಡಿ ಮ್ಯಾಲ ನಿಲ್ಲಿಸಿ, ಕಡ್ಲಿ ಚೀಲ ಹೇರಿ ನೋಡೂಣು," ಎಂದರು. ಗ್ಯಾರೇಜಿನ ನಡುವೆ ಇಳಿದು ಕೆಲಸ ಮಾಡುವ ಗುಂಡಿ ಇದೆ. ಕಾರು ತನ್ನ ಚಕ್ರಗಳ ಮೇಲೆಯೇ ನಿಂತಿರುವಾಗ ಅಡಿಯಿಂದ ನೋಡಬಹುದು.

"ಚೀಲ ಯಾಕ?" ಎಂದರು ಕಾಕು. "ನಾವ ಬಂದು ಕುಂದ್ರತೇವಿ."

ಮರುದಿನ ಮಧ್ಯಾಹ್ನ ಅವರು ಹೇಳಿದಂತೆಯೇ ಬಂದರು. ಕಾಕು, ಅವರ ಓರಗಿತ್ತಿ, ಬಾಜೂ ಮನೆಯವರು ಹಿಂದಿನ ಸೀಟಿನಲ್ಲಿ ಕೂತರು. ನೋಡಲು ಬಂದ ನಮ್ಮ ಅತ್ತೆಯನ್ನೂ ಬಿಡದೆ ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡರು. ಕಾಕುವಿನ ಮಡಿಲಲ್ಲಿ ಹಸಿ ಕಡಲೆ ಗಿಡದ ಸಿವುಡು ಇತ್ತು. ಸುಮ್ಮನೆ ಕೂರುವುದು ಬೇಡವೆಂದು ತಂದಿದ್ದರು. ನಾಲ್ವರೂ ಕಾಯಿ ಬಿಡಿಸಿ ತಿನ್ನುತ್ತ ಮಾತಿಗೆ ತೊಡಗಿದರು. ನಾನು ಟಾರ್ಚು, ನೊರೆ, ಬ್ರಶ್ಶು ಹಿಡಿದು ಗುಂಡಿಗೆ ಇಳಿದೆ. ಎಂಜಿನ್ ಬಂದ್ ಮಾಡಿಸಿದೆ. ಕಾರು ನನ್ನ ತಲೆಯ ಮೇಲೆ ಸ್ವಲ್ಪ ತಗ್ಗಿತು.

ಮೊದಲು ಏನೂ ಕಾಣಲಿಲ್ಲ. ಮೇಲಿನಿಂದ ಯಾರದೋ ಸೊಸೆಯ ಸುದ್ದಿ ಕೇಳಿಬರುತ್ತಿತ್ತು. ಹೊರಗೆ ಲಾರಿ ಹೋಗುವ ಸದ್ದು.

"ಕಾಕು, ಸ್ವಲ್ಪ ಎಡಕ್ಕ ಸರೀರಿ," ಎಂದು ಕೂಗಿದೆ.

"ನಾ ಸರದ್ರ ಇವರೂ ಸರೀಬೇಕಲ್ಲ," ಎಂದರು. ಮೇಲೆ ನಗು, ಬಳೆಗಳ ಸದ್ದು, ಎಲ್ಲರೂ ಎಡಕ್ಕೆ ಸರಿದದ್ದು ಒಟ್ಟಿಗೇ ಕೇಳಿತು. ಕಾರು ಇನ್ನೊಂದಿಷ್ಟು ಕೆಳಗೆ ಬಂತು. ಚೀಲದ ಕೆಳಭಾಗದಲ್ಲಿ ರಬ್ಬರು ತನ್ನೊಳಗೆ ತಾನೇ ಮಡಚಿಕೊಳ್ಳುವಲ್ಲಿ, ಒಳಮಗ್ಗುಲಿಗೆ, ನೊರೆ ಮೊಸರಿನಂತೆ ಉಬ್ಬಿ ಬಂತು. ಒರೆಸಿ ಮತ್ತೆ ಬಳಿದೆ. ಮತ್ತೆ ಉಬ್ಬಿತು. ಕಿವಿ ಕೊಟ್ಟರೆ ಸಣ್ಣಗೆ ಸುಯ್ಯೆನ್ನುವುದೂ ಕೇಳುತ್ತಿತ್ತು. ಉಗುರಿನಷ್ಟು ಉದ್ದದ ಬಿರುಕು. ಕಾರು ಎತ್ತರದಲ್ಲಿದ್ದಾಗ ಬಾಯಿ ಮುಚ್ಚಿಕೊಂಡು, ಭಾರ ಬಿದ್ದಾಗ ಬಾಯಿ ತೆರೆಯುತ್ತಿತ್ತು. ಹಾಗೆ ಒಮ್ಮೆ ತೆರೆದರೆ ಬೇಗ ಮುಚ್ಚುತ್ತಿರಲಿಲ್ಲ.

"ಸಿಕ್ತರೀ," ಎಂದೆ.

ನಮ್ಮ ಮನೆಯವರು ಇನ್ನೊಂದು ತುದಿಯಿಂದ ಗುಂಡಿಗೆ ಇಳಿದು, ಟಾರ್ಚು ತೆಗೆದುಕೊಂಡು, ಬಹಳ ಹೊತ್ತು ನೋಡಿದರು. "ಅಗದಿ ಮಡಿಕ್ಯಾಗ ಕುಂತೈತಿ ನೋಡ," ಎಂದರು. ಆಮೇಲೆ ಸ್ಪ್ರಿಂಗಿನ ಮಾತು ಎತ್ತಲಿಲ್ಲ. ಬದಲಿಗೆ ಈ ಚೀಲ ಬಿಚ್ಚಲು ಯಾವ ಬೋಲ್ಟು ಮೊದಲು ತೆಗೆಯಬೇಕು ಎಂದು ಅಲ್ಲಿಯೇ ಲೆಕ್ಕ ಹಾಕತೊಡಗಿದರು. ಮೇಲೆ ಕೂತವರಿಗೆ ಇಳಿಯಬಹುದು ಎಂದರೆ ಯಾರೂ ಇಳಿಯಲಿಲ್ಲ. ಕಡಲೆ ಇನ್ನೂ ಮುಗಿದಿರಲಿಲ್ಲ. ನಾನು ಮನೆಗೆ ಹೋಗಿ ಚಹಾ ಮಾಡಿ, ಕಾರಿನ ಕಿಟಕಿಯಿಂದಲೇ ಒಬ್ಬೊಬ್ಬರಿಗೂ ಕಪ್ಪು ಕೊಟ್ಟೆ.

ಬಿರುಕಿಗೆ ಟ್ಯೂಬಿನ ಪ್ಯಾಚ್ ಹಚ್ಚಿ ನೋಡೂಣೇನು ಎಂದು ಕಾಕಾ ಕೇಳಿದರು. ಮಡಚುವ ಜಾಗದಲ್ಲಿ ಪ್ಯಾಚ್ ನಿಲ್ಲುವುದಿಲ್ಲ, ಹೊಸ ಚೀಲವೇ ಬೇಕು. ಹುಬ್ಬಳ್ಳಿಯ ಅಂಗಡಿಯವರಿಗೆ ಫೋನ್ ಮಾಡಿದೆವು. ಅವರು ತರಿಸಿ, ಒಂದು ಸಂಜೆ ಗದಗದ ಬಸ್ಸಿನಲ್ಲಿ ಇಟ್ಟು ಕಳಿಸಿದರು. ಕಂಡಕ್ಟರು ಡಬ್ಬಿ ಕೈಗೆ ಕೊಡುತ್ತ, "ಏನೈತ್ರಿ ಇದರಾಗ, ಹಗುರ ಐತಿ?" ಎಂದು ಕೇಳಿದರು. "ಗಾಳಿ ತುಂಬೂ ಚೀಲ," ಎಂದರೆ ನಂಬದವರಂತೆ ನೋಡಿ ಸೀಟಿ ಊದಿದರು.

ಹಳೆಯದನ್ನು ಬಿಚ್ಚಿ ಹೊಸದನ್ನು ಕೂಡಿಸುವುದು ನಮ್ಮ ಮನೆಯವರ ಕೈಕೆಲಸ. ಅದರಲ್ಲಿ ನನಗಿಂತ ಅವರು ಎಷ್ಟೋ ಪಾಲು ಮೇಲು. ಚೀಲ ತಿರುಚದಂತೆ, ಮಡಿಕೆ ಸರಿಯಾಗಿ ಕೂಡುವಂತೆ ಬೆರಳಿನಿಂದಲೇ ಸವರಿ ಸವರಿ ಕೂಡಿಸಿದರು. ಗಾಳಿ ತುಂಬುವ ಮೊದಲು ಭಾರ ಬಿಟ್ಟರೆ ಹೊಸ ರಬ್ಬರು ಅಲ್ಲೇ ಸಿಕ್ಕಿಕೊಂಡು ಹರಿಯುತ್ತದೆ. ಅದಕ್ಕೆ ಕಾರು ಜಾಕಿನ ಮೇಲೆ ಇರುವಾಗಲೇ ನಾನು ಸ್ಕ್ಯಾನರಿನಿಂದ ಗಾಳಿ ತುಂಬಿಸಿದೆ. ಇಷ್ಟು ದಿನ ಎಡೆಬಿಡದೆ ಓಡಿ ಬಿಸಿಯಾಗಿದ್ದ ಕಂಪ್ರೆಸರಿನ ರಿಲೇ ಕಪ್ಪಾಗಿತ್ತು, ಅದನ್ನೂ ಬದಲಿಸಿದೆ. ಕಾರು ಕೆಳಗಿಳಿದು ತನ್ನ ಕಾಲ ಮೇಲೆ ನಿಂತಿತು.

ಇನ್ನು ಉಳಿದದ್ದು ಸರಿಯಾದ ಎತ್ತರ ಯಾವುದು ಎಂದು ಕಂಪ್ಯೂಟರಿಗೆ ಕಲಿಸುವುದು. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದು ಅಳೆದು, ಆ ಅಂಕಿಯನ್ನು ತುಂಬಬೇಕು. ತುಂಬಿ ನೋಡಿದರೆ ಕಾರು ಬಲಕ್ಕೆ ವಾಲಿದಂತೆ ಕಂಡಿತು. ಮತ್ತೆ ಅಳೆದೆ. ಈಗ ಎಡಕ್ಕೆ. ನನ್ನ ತಾಳ್ಮೆ ಮುಗಿಯುವ ಹೊತ್ತಿಗೆ ನಮ್ಮ ಮನೆಯವರು ಒಂದು ಬೇರಿಂಗಿನ ಗುಂಡನ್ನು ನೆಲದ ಮೇಲೆ ಇಟ್ಟರು. ಅದು ತಾನೇ ಉರುಳಿಕೊಂಡು ಗೋಡೆಯವರೆಗೆ ಹೋಯಿತು. ಎರಿ ಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿದು, ನಮ್ಮ ಗ್ಯಾರೇಜಿನ ನೆಲವೇ ಸೊಟ್ಟಗಾಗಿತ್ತು.

"ಊರಾಗ ಸಪಾಟ ಜಾಗಾ ಎಲ್ಲೈತ್ರಿ?" ಎಂದು ಕೇಳಿದೆ.

ಕೆಲಸ ನೋಡಲು ಬಂದು ನಿಂತಿದ್ದ ಕಾಕಾ ಥಟ್ಟನೆ ಹೇಳಿದರು: "ತೂಕದ ಕಾಟಾ."

ಲಾರಿ ತೂಗುವ ಕಾಟಾ. ಅದು ಸಪಾಟಾಗಿಲ್ಲದಿದ್ದರೆ ವ್ಯಾಪಾರಿಗಳು ಸುಮ್ಮನಿರುತ್ತಾರೆಯೇ? ಕಾರು ತೆಗೆದುಕೊಂಡು ಅಲ್ಲಿಗೆ ಹೋದೆವು. ಕಡಲೆಯ ಸುಗ್ಗಿ, ಹಿಂದೆ ಮುಂದೆ ಲಾರಿಗಳು ನಿಂತಿದ್ದವು. ಕಾಕಾ ಎಲ್ಲರಿಗೂ ಪರಿಚಯದವರು. ಒಬ್ಬೊಬ್ಬ ಡ್ರೈವರಿನ ಬಳಿಯೂ ಹೋಗಿ, "ಸ್ವಲ್ಪ ತಡೀರಪಾ, ನಮ್ಮ ಗಾಡಿಗೆ ನಿಲ್ಲೂದ ಕಲಸಾಕತ್ತೇವಿ," ಎಂದರು. ಒಬ್ಬ ಡ್ರೈವರ್ ಇಳಿದು ಬಂದು ಟೇಪಿನ ಇನ್ನೊಂದು ತುದಿ ಹಿಡಿದ. ನಾನು ಅಂಕಿಗಳನ್ನು ತುಂಬಿ ಒತ್ತಿದೆ. ಕಾರು ಒಮ್ಮೆ ನಿಟ್ಟುಸಿರು ಬಿಟ್ಟಂತೆ ಗಾಳಿ ಬಿಟ್ಟು, ಕೂದಲೆಳೆಯಷ್ಟು ಎದ್ದು, ಸ್ಥಿರವಾಯಿತು. ಎಡ ಬಲ ಎರಡೂ ಅಳತೆ ಒಂದೇ.

ಆಮೇಲೆ ಕಾಕುವಿನ ಗುಂಪನ್ನು ಕೂಡಿಸಿಕೊಂಡು ಊರು ಸುತ್ತಿಸಿ, ಬೇಕೆಂದೇ ಕಡಲೆ ಚೀಲವನ್ನೂ ಡಿಕ್ಕಿಯಲ್ಲಿ ಬಿಟ್ಟು ನಿಲ್ಲಿಸಿದೆವು. ಬೆಳಿಗ್ಗೆ ನಾನು ಬಾಗಿಲ ಬಳಿಯೇ ಕಾಯುತ್ತಿದ್ದೆ. ಹಾಲಿನವರು ಸೈಕಲ್ಲಿನಿಂದ ಇಳಿಯದೆಯೇ, "ನಿಂತೈತ್ರೀ," ಎಂದರು. ಮರುದಿನವೂ ಅದನ್ನೇ ಹೇಳಿದರು. ಮೂರನೆಯ ದಿನ ಅವರು ಸುದ್ದಿ ಹೇಳುವುದನ್ನೇ ಬಿಟ್ಟರು.

ತಂಬೂರಿಗೆ ಹೊರಟಾಗ ಕಾಕಾ ನಮ್ಮಿಬ್ಬರನ್ನೂ ಬಿಡಲಿಲ್ಲ. ಗ್ಯಾರೇಜಿಗೆ ಬೀಗ ಹಾಕಿ ನಡೆದೆವು. ನಮ್ಮ ಮನೆಯವರು ಓಡಿಸುತ್ತಿದ್ದರು, ಕಾಕಾ ಮುಂದೆ, ನಾನು ಕಾಕುವಿನ ಪಕ್ಕದಲ್ಲಿ. ಹುಬ್ಬಳ್ಳಿ ದಾಟಿ ಕಲಘಟಗಿಯ ರಸ್ತೆಗೆ ಬಿದ್ದ ಮೇಲೆ ಬಯಲು ಮುಗಿದು ಗಿಡಗಳು ಹತ್ತಿರವಾದವು. ಮಣ್ಣು ಕೆಂಪಾಯಿತು. ರಸ್ತೆ ಕೆಟ್ಟಿದ್ದಲ್ಲೆಲ್ಲ ನಾನು ಕಾಕುವಿನ ಮುಖ ನೋಡುತ್ತಿದ್ದೆ. ಅವರು ಕಿಟಕಿಯಿಂದ ಹೊರಗೆ ನೋಡುತ್ತ, ಯಾವ ಊರು ದಾಟಿತು, ಯಾವುದು ಬರುತ್ತದೆ ಎಂದು ಹೇಳುತ್ತಿದ್ದರು.

ಕಲಘಟಗಿ ಇನ್ನೂ ದೂರವಿರುವಾಗ ಸ್ಟೇರಿಂಗಿನ ಎದುರು ಹಳದಿ ದೀಪ ಹತ್ತಿತು. ಕಾಕಾ ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಸೀಟಿನ ನಡುವಿನಿಂದ ಬಾಗಿ ನೋಡಿದೆ.

"ಡೀಸೆಲ್ ಖಾಲಿ ಆಗಾಕ ಬಂದೈತ್ರಿ ಕಾಕಾ," ಎಂದೆ.

ಪಂಪಿನವರೆಗೂ ನಗುತ್ತಲೇ ಹೋದೆವು. ರಿಪೇರಿಯ ಗಡಿಬಿಡಿಯಲ್ಲಿ ಡೀಸೆಲ್ ಹಾಕಿಸುವುದು ಯಾರಿಗೂ ನೆನಪಾಗಿರಲಿಲ್ಲ.

ತಂಬೂರಿನ ಮನೆಯ ಮುಂದೆ ಕಾಕುವಿನ ಅಕ್ಕ ಕಟ್ಟೆಯ ಮೇಲೆ ಕೋಲು ಹಿಡಿದು ಕೂತಿದ್ದರು. ಕಾಕು ಇಳಿದು, ಯಾರ ಕೈಯನ್ನೂ ಹಿಡಿಯದೆ ನಡೆದು ಹೋಗಿ ಅವರ ಪಕ್ಕದಲ್ಲಿ ಕೂತರು. ಅಕ್ಕ ಗದ್ದ ಹಿಡಿದು ನೋಡಿ, "ಸೊರಗೀಯಲ್ಲ," ಎಂದರು. "ನೀನ ಸೊರಗೀಯವ್ವ," ಎಂದರು ಕಾಕು. ಅಲ್ಲಿಂದ ಶುರುವಾದ ಮಾತು ಕೂಸಿಗೆ ಹೆಸರಿಟ್ಟು ಮುಗಿದರೂ ನಿಲ್ಲಲಿಲ್ಲ.

ಹೋಳಿಗೆ ಊಟವಾದ ಮೇಲೆ ಕಾಕು ಅಕ್ಕನಿಗೆ ಕಾರು ತೋರಿಸಲು ಕರೆತಂದರು. ಅಷ್ಟು ಎತ್ತರಕ್ಕೆ ಕಾಲು ಎತ್ತಲು ಅಕ್ಕನಿಗೆ ಆಗುವಂತಿರಲಿಲ್ಲ. ಹಾಗೆ ಹತ್ತಲಾರದವರಿಗೆಂದೇ ಆ ಕಾರಿನಲ್ಲಿ ಹಿಂಭಾಗ ತಗ್ಗಿಸುವ ಬಟನ್ನೊಂದಿದೆ. ನಾನು ಒತ್ತಿದೆ. ಕಾರು ಮೆಲ್ಲಗೆ ತಗ್ಗಿತು. ಸುತ್ತ ನಿಂತವರು ನೋಡುತ್ತಿದ್ದಂತೆ ಅವರು ಕೋಲು ಒಳಗಿಟ್ಟು, ಸೀಟಿನ ಮೇಲೆ ಕೂತು, ಕಾಲು ಒಳಗೆಳೆದುಕೊಂಡರು. ಕಾಕು ಇನ್ನೊಂದು ಬಾಗಿಲಿನಿಂದ ಹತ್ತಿದರು. ಕಾರು ಮತ್ತೆ ಎದ್ದು ನಿಂತಿತು.

"ಎಲ್ಲಿಗೆ ಹೋಗೂಣ್ರಿ?" ಎಂದು ನಮ್ಮ ಮನೆಯವರು ಕನ್ನಡಿಯಲ್ಲಿ ನೋಡುತ್ತ ಕೇಳಿದರು.

"ಕೆರಿ ಕಡೆ ನಡೀರಿ," ಎಂದರು ಅಕ್ಕ. "ಬಾಳ ದಿನ ಆತು ನೀರ ನೋಡಿ."

ಕೆರೆಯ ದಾರಿ ತಗ್ಗುದಿಣ್ಣೆಯದು. ನಮ್ಮ ಮನೆಯವರು ಬಹಳ ನಿಧಾನವಾಗಿ ಓಡಿಸಿದರು. ನೀರಿನ ಅಂಚಿನಲ್ಲಿ ನಿಲ್ಲಿಸಿದಾಗ ಅಕ್ಕತಂಗಿಯರಿಬ್ಬರೂ ಇಳಿಯಲು ಒಪ್ಪಲಿಲ್ಲ. ಕಿಟಕಿ ಇಳಿಸಿಕೊಂಡು ಕೂತಲ್ಲೇ ಹರಟುತ್ತಿದ್ದರು. ನಾವಿಬ್ಬರೂ ಕೆಳಗಿಳಿದು, ಏರಿಯ ಮೇಲೆ ನಡೆದು, ಸ್ವಲ್ಪ ದೂರದ ಕಲ್ಲಿನ ಮೇಲೆ ಕೂತೆವು. ಕಾರಿನೊಳಗಿನ ನಗು ನಮಗೂ ಕೇಳುತ್ತಿತ್ತು.